ಮುಂಗಡ ಬೇಡ ಅನ್ನೋಕೆ ಎಷ್ಟು ದುಡ್ಡು ಬೇಕು?

ಎಡಕುಮೇರಿಗೆ ಬಾರದವರೂ ಅದನ್ನು ಫೋನಿನಲ್ಲಿ ನೋಡಿರುತ್ತೀರಿ. ಸುರಂಗದಿಂದ ಹೊರಬರುವ ರೈಲು, ಕೆಳಗೆ ಹೊಳೆ, ಎರಡೂ ಕಡೆ ಕಾಡು, ಹಿಂದೆ ಯಾವುದೋ ಸಿನಿಮಾ ಹಾಡು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 50ಕ್ಕೂ ಹೆಚ್ಚು ಸುರಂಗಗಳಿವೆ. 2021ರ ಜುಲೈನಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಬಂದ ಮೇಲಂತೂ ಜನ ಕಿಟಕಿಗೆ ಫೋನ್ ಅಂಟಿಸಿಕೊಂಡೇ ಘಾಟಿ ಇಳಿಯುತ್ತಾರೆ. ಕೆಲವರು ಇಳಿದು ಹಳಿಯ ಮೇಲೆ ನಡೆದು ರೀಲ್ಸ್ ಮಾಡುತ್ತಾರೆ. ಅದು ಅಪರಾಧ, ಜೀವಕ್ಕೂ ಅಪಾಯ, ಮಾಡಬೇಡಿ. ಆದರೆ ಆ ವಿಡಿಯೋಗಳಿಗೆ ಲಕ್ಷಗಟ್ಟಲೆ ವ್ಯೂ ಬರುತ್ತವೆ ಅನ್ನೋದೂ ನಿಜ.

ಅದನ್ನೆಲ್ಲ ನೋಡಿ ನಮ್ಮ ಮನೆಯವರು ನಮ್ಮನ್ನು ಕೇಳುತ್ತಾರೆ: "ಅವರಿಗೆ ಅಷ್ಟು ಬರುತ್ತಂತಲ್ಲ, ನಿಮಗೆ ಎಷ್ಟು ಬರುತ್ತೆ?"

ನಾವು ಆರು ಜನ. ಸಕಲೇಶಪುರ, ಆಲೂರು ಕಡೆಯ ಹಳ್ಳಿಗಳಿಂದ ಹೋಗಿ ಪತ್ರಿಕೋದ್ಯಮ ಓದಿ ವಾಪಸ್ ಬಂದವರು. ಒಬ್ಬ ಮದುವೆ ವಿಡಿಯೋ ಮಾಡುತ್ತಾನೆ. ಒಬ್ಬಳು ಬೆಂಗಳೂರಿನ ಚಾನೆಲ್‌ಗಳಿಗೆ ಮನೆಯಿಂದಲೇ ಎಡಿಟಿಂಗ್ ಮಾಡುತ್ತಾಳೆ. ಇಬ್ಬರು ಸುದ್ದಿಗೆ ಇಷ್ಟು ಅಂತ ಪೇಪರಿಗೆ ಬರೆಯುತ್ತಾರೆ. ಒಬ್ಬನದು ಕೃಷಿಯ ಯೂಟ್ಯೂಬ್ ಚಾನೆಲ್. ಇನ್ನೊಬ್ಬಳು ಜಾಹೀರಾತಿಗೆ ಧ್ವನಿ ಕೊಡುತ್ತಾಳೆ, ಕರೆದಾಗ. ಈ "ಕರೆದಾಗ" ಅನ್ನುವ ಮಾತೇ ನಮ್ಮೆಲ್ಲರ ಕಸುಬಿನ ಹಣೆಬರಹ.

ಕಳೆದ ತಿಂಗಳು ಮದುವೆ ವಿಡಿಯೋ ಮಾಡುವ ಗೆಳೆಯನಿಗೆ ಒಂದು ಫೋನ್ ಬಂತು. ದೊಡ್ಡ ಊರಿನ ಒಂದು ಸ್ಟುಡಿಯೋದವರು. "ಮಳೆಗಾಲಕ್ಕೆ 40,000 ಮುಂಗಡ ಕೊಡ್ತೀವಿ. ದೀಪಾವಳಿಯಿಂದ ಮುಂದಿನ ಮೇವರೆಗೆ ನಮಗೆ ಮಾತ್ರ ಕೆಲಸ ಮಾಡಬೇಕು. ದಿನದ ರೇಟು ನಾವು ಹೇಳಿದ್ದು." ಆ ರೇಟು ಅವನು ಈಗ ತೆಗೆದುಕೊಳ್ಳುವುದಕ್ಕಿಂತ ಮೂರನೇ ಒಂದು ಭಾಗ ಕಮ್ಮಿ. ಆದರೆ ಜೂನ್ ಎದುರಿಗೆ ನಿಂತಿತ್ತು. ಅವನು ಹೂಂ ಅನ್ನುವ ಮೊದಲು ನಮಗೆ ಹೇಳಿದ. ಆವತ್ತು ರಾತ್ರಿ ನಾವು ಆಡಿದ ಜಗಳದಿಂದ ಈ ಬರಹ ಹುಟ್ಟಿತು.

ಮೊಬೈಲಿನಲ್ಲಿ "ಆರ್ಥಿಕ ಸ್ವಾತಂತ್ರ್ಯ" ಅಂತ ಹುಡುಕಿದರೆ ಕೋಟು ಹಾಕಿದವರು ಬಂದು ಪಾಠ ಮಾಡುತ್ತಾರೆ. ತಿಂಗಳ ಸಂಬಳದಲ್ಲಿ ಶೇ. 20 ಉಳಿಸಿ, ಮ್ಯೂಚುವಲ್ ಫಂಡಿಗೆ ಹಾಕಿ, 40ಕ್ಕೆ ನಿವೃತ್ತರಾಗಿ. ತಪ್ಪೇನಿಲ್ಲ. ಆದರೆ ಆ ಲೆಕ್ಕ ಶುರುವಾಗುವುದೇ ಒಂದನೇ ತಾರೀಖು ಸಂಬಳ ಬರುವವರಿಂದ. ನಮಗೆ ಒಂದನೇ ತಾರೀಖೂ ಒಂದೇ, ಇಪ್ಪತ್ತನೇ ತಾರೀಖೂ ಒಂದೇ. ನಮ್ಮಂಥವರಿಗೆ ಸ್ವಾತಂತ್ರ್ಯ ಅಂದರೆ ಕೆಲಸ ಬಿಟ್ಟು ಕೂರುವುದಲ್ಲ, ಬೇಡದ ಕೆಲಸಕ್ಕೆ, ಬೇಡದ ರೇಟಿಗೆ, "ಆಗಲ್ಲ ಸಾರ್" ಅನ್ನುವ ಶಕ್ತಿ. ಅದಕ್ಕೆ ಎಷ್ಟು ದುಡ್ಡು ಬೇಕು ಅಂತ ಲೆಕ್ಕ ಹಾಕಬಹುದು. ನಾವು ಹಾಕಿದ್ದೇವೆ, ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಘಟ್ಟದ ಕೆಳಗೆ ಒಮ್ಮೆ ಹೋಗಿ ಬರಬೇಕು, ಯಾಕೆಂದರೆ ಮುಂಗಡದ ಕತೆ ನಮಗಿಂತ ಚೆನ್ನಾಗಿ ಗೊತ್ತಿರುವುದು ಯಕ್ಷಗಾನದವರಿಗೆ.

ರೈಲು ಎಡಕುಮೇರಿ ದಾಟಿ ಶಿರಿಬಾಗಿಲು, ಸುಬ್ರಹ್ಮಣ್ಯ ರೋಡ್ ಕಡೆ ಇಳಿದರೆ ಅದು ಮೇಳಗಳ ಸೀಮೆ. ಮಲೆನಾಡಿಗೂ ಮೇಳಗಳು ಹತ್ತಿ ಬರುತ್ತವೆ, ನಮ್ಮ ಹಿರಿಯರು ರಾತ್ರಿಯಿಡೀ ಕಂಬಳಿ ಹೊದ್ದು ಆಟ ನೋಡಿದವರೇ. ದೀಪಾವಳಿ ಕಳೆದ ಮೇಲೆ ಮೇಳದ ತಿರುಗಾಟ ಶುರು. ತುಳುನಾಡಿನ ಮೇಳಗಳಿಗೆ ಪತ್ತನಾಜೆಗೆ, ಅಂದರೆ ತುಳುವರ ಬೇಷ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ, ಅದು ಮುಗಿಯುತ್ತದೆ. ಅಂದು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಮಳೆ ಹೋದ ಮೇಲೆ. ವರ್ಷದಲ್ಲಿ ಆರು ತಿಂಗಳು ದೇವೇಂದ್ರ, ಉಳಿದ ಆರು ತಿಂಗಳು ಖಾಲಿ ಜೇಬು. ನೂರಾರು ಕಲಾವಿದರು ತಲೆಮಾರುಗಳಿಂದ ಹೀಗೆ ಬದುಕಿದ್ದಾರೆ.

ಆ ಖಾಲಿ ತಿಂಗಳಲ್ಲೇ ಮುಂಗಡ ಹುಟ್ಟುವುದು. ಮಗಳ ಮದುವೆ, ಆಸ್ಪತ್ರೆ, ಮನೆಯ ಹಂಚು, ಮಕ್ಕಳ ಫೀಸು. ಬ್ಯಾಂಕಿನವರು ವೇಷಧಾರಿಗೆ ಸಾಲ ಕೊಡುತ್ತಿರಲಿಲ್ಲ. ಹಾಗಾಗಿ ಮೇಳದ ಯಜಮಾನರ ಹತ್ತಿರ ಹೋಗಿ, ಮುಂದಿನ ತಿರುಗಾಟದ ಸಂಬಳದಲ್ಲಿ ಮುರಿದುಕೊಳ್ಳಿ ಅಂತ ದುಡ್ಡು ತರುವುದು. ದುಡ್ಡು ತಂದ ದಿನವೇ ಮುಂದಿನ ಆರು ತಿಂಗಳು ಮಾರಾಟವಾಯಿತು. ಬೇರೆ ಮೇಳದವರು ಒಳ್ಳೆ ಸಂಬಳಕ್ಕೆ ಕರೆದರೆ ಹೋಗುವಂತಿಲ್ಲ. ನನಗೆ ಈ ವೇಷ ಬೇಕು ಅಂತ ಕೇಳುವ ಬಾಯಿ ಇಲ್ಲ. ತಿರುಗಾಟದಲ್ಲಿ ಸಂಬಳ ಮುರಿದು ಮುರಿದು ಕೈಗೆ ಬರುವುದು ಕಮ್ಮಿ, ಪತ್ತನಾಜೆ ಹೊತ್ತಿಗೆ ಮತ್ತೆ ಖಾಲಿ, ಮತ್ತೆ ಮುಂಗಡ. ಮೂರು ವರ್ಷ ಹೀಗೆ ತಿರುಗಿದರೆ ಸಾಲ ಯಾವುದು, ಸಂಬಳ ಯಾವುದು ಅಂತ ಕಲಾವಿದನಿಗೇ ತಿಳಿಯುವುದಿಲ್ಲ.

ಯಜಮಾನರನ್ನೇ ಬೈದು ಸುಮ್ಮನಾಗುವುದು ಸುಲಭ. ನಾವು ಅದಕ್ಕೆ ತಯಾರಿಲ್ಲ. ಕಷ್ಟಕ್ಕೆ ಆಗುತ್ತಿದ್ದ ಒಂದೇ ಬ್ಯಾಂಕು ಅವರು. ಡೇರೆ ಮೇಳದ ಯಜಮಾನರ ಸ್ಥಿತಿಯೂ ಒಂದು ಮಳೆಗೆ ತೊಳೆದುಹೋಗುವಂಥದ್ದು: ಟಿಕೆಟ್ ಖರ್ಚಾಗದಿದ್ದರೆ ಅವರೂ ಸಾಲಗಾರರೇ. ಹೆಸರುವಾಸಿ ಡೇರೆ ಮೇಳಗಳಾಗಿದ್ದ ಸುರತ್ಕಲ್ ಮೇಳ, ಕರ್ನಾಟಕ ಮೇಳ ಇವತ್ತು ಇಲ್ಲ. ಉಳಿದುಕೊಂಡದ್ದು, ಬೆಳೆದದ್ದು, ದೇವಸ್ಥಾನದ ಹರಕೆ ಮೇಳಗಳು. ಕಟೀಲಿನ, ಮಂದಾರ್ತಿಯ ಹರಕೆ ಆಟಗಳು ಹತ್ತಾರು ವರ್ಷ ಮುಂಚೆಯೇ ಬುಕ್ ಆಗಿರುತ್ತವೆ. ಒಂದು ಹಂತದಲ್ಲಿ ಯೋಚನೆ ಮಾಡಿ: ಬೆಂಗಳೂರಿನ ಯಾವ ಸಿನಿಮಾ ಕಂಪನಿಗೆ, ಯಾವ ಟಿವಿಗೆ, ಹತ್ತು ವರ್ಷದ ನಂತರದ ಕೆಲಸ ಇವತ್ತೇ ಕೈಯಲ್ಲಿದೆ?

ಮುಂಗಡದ ಬಲೆಯಿಂದ ತಪ್ಪಿಸಿಕೊಂಡ ಕಲಾವಿದರೂ ಇದ್ದಾರೆ. ಅವರು ತಪ್ಪಿಸಿಕೊಂಡದ್ದು ತಾರೆಯಾಗಿ ಅಲ್ಲ, ಮಳೆಗಾಲಕ್ಕೆ ಒಂದು ಕೈಕೆಲಸ ಇಟ್ಟುಕೊಂಡು. ಕೆಲವರು ಅಡಿಕೆ, ಕೆಲವರು ಟೈಲರಿಂಗ್, ಕೆಲವರು ಅಡುಗೆ, ಕೆಲವರು ಶಾಲೆ ಮಕ್ಕಳಿಗೆ ನಾಟ್ಯ ಹೇಳಿಕೊಡುವುದು. ಹೆಸರಿದ್ದವರಿಗೆ ತಾಳಮದ್ದಳೆ, ಬೆಂಗಳೂರು ಮುಂಬೈಯ ಮಳೆಗಾಲದ ಆಟಗಳು. ಹೆಸರಿಲ್ಲದವರು ಕಟ್ಟಿಕೊಂಡದ್ದು ಚಿಕ್ಕಮೇಳ: ನಾಲ್ಕೈದು ಜನ ಸೇರಿ, ಸಂಜೆಯಾದ ಮೇಲೆ ಮನೆ ಮನೆಗೆ ಹೋಗಿ, ದೇವರ ದೀಪದ ಮುಂದೆ ಹತ್ತು ಹದಿನೈದು ನಿಮಿಷದ ಪ್ರಸಂಗ ಆಡಿ, ಮನೆಯವರು ಕೊಟ್ಟದ್ದನ್ನು ತೆಗೆದುಕೊಂಡು ಮುಂದಿನ ಮನೆಗೆ. "ಕಲೆಯನ್ನು ಬಾಗಿಲು ಬಾಗಿಲಿಗೆ ಒಯ್ದು ಬೇಡುವುದಾ?" ಅಂತ ಮೂಗು ಮುರಿದವರೂ ಇದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಮಳೆಯಲ್ಲಿ ನೆನೆದುಕೊಂಡು ದುಡಿದ ಆ ದುಡ್ಡು ದೀಪಾವಳಿ ಹೊತ್ತಿಗೆ ಮುಂಗಡ ಬೇಡ ಅನ್ನುವ ಬಲ ಕೊಡುವುದಾದರೆ ಅದರಲ್ಲಿ ಬೇಡುವುದು ಏನಿದೆ? ಬೇಡುವುದು ಅಂದರೆ ಯಜಮಾನರ ಚಾವಡಿಯಲ್ಲಿ ನಿಲ್ಲುವುದು.

ಇನ್ನು ಎಡಕುಮೇರಿಗೆ ವಾಪಸ್ ಬರೋಣ. ಮಳೆಗಾಲದ ಲೆಕ್ಕವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಏಪ್ರಿಲ್ ಮೇ ಬಂದರೆ ಈ ಕಡೆಯ ಮನೆಗಳಲ್ಲಿ ಏನಾಗುತ್ತದೆ? ಸೌದೆ ಒಡೆದು ಕೊಟ್ಟಿಗೆ ತುಂಬಿಸುತ್ತಾರೆ. ಅಕ್ಕಿ, ಒಣಮೀನು, ಹಪ್ಪಳ, ಸೀಮೆಎಣ್ಣೆ ಸಿಕ್ಕರೆ ಅದು, ದನಕ್ಕೆ ಹುಲ್ಲು. ಯಾಕೆಂದರೆ ಜುಲೈನಲ್ಲಿ ದಾರಿ ಇರುತ್ತದೆ ಅನ್ನುವ ನಂಬಿಕೆ ಯಾರಿಗೂ ಇಲ್ಲ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿಗೂ ಎಡಕುಮೇರಿಗೂ ನಡುವೆ ಹಳಿಯ ಕೆಳಗಿನ ಗುಡ್ಡವೇ ಜಾರಿತು, ಮಂಗಳೂರಿನ ರೈಲುಗಳು ನಿಂತವು. ಆ ಹೊತ್ತಿನಲ್ಲಿ ಸೌದೆ ಹುಡುಕಲು ಹೊರಟವನನ್ನು ಊರೇ ನೋಡಿ ನಗುತ್ತದೆ. ಒದ್ದೆ ಸೌದೆ ಉರಿಯುವುದೂ ಇಲ್ಲ.

ಮೆಣಸಿನ ವಿಷಯವೂ ಹಾಗೇ. ಜನವರಿಯಿಂದ ಮಾರ್ಚ್ ಒಳಗೆ ಮೆಣಸು ಕೊಯ್ದು ಒಣಗಿಸುತ್ತೇವೆ. ಅವತ್ತೇ ಮಾರುವವನು ಒಬ್ಬ, ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕುವವನು ಇನ್ನೊಬ್ಬ. ಅವತ್ತೇ ಮಾರುವವನು ದಡ್ಡ ಅಂತಲ್ಲ. ಅವನು ವ್ಯಾಪಾರಿಯ ಹತ್ತಿರ ಮಳೆಗಾಲದಲ್ಲೇ ದುಡ್ಡು ತಂದಿದ್ದಾನೆ, ಮೆಣಸು ಬಳ್ಳಿಯಲ್ಲಿರುವಾಗಲೇ ಅವರದ್ದಾಗಿದೆ. ಬೆಲೆ ಏರಿದರೆ ಲಾಭ ಅಟ್ಟದಲ್ಲಿ ಇಟ್ಟವನಿಗೆ. ಎಸ್ಟೇಟಿನ ಲೈನ್ ಮನೆಯಲ್ಲಿ ಬೆಳೆದ ನಮ್ಮ ಗೆಳತಿ ಇದನ್ನು ಇನ್ನೂ ಚೂಪಾಗಿ ಹೇಳುತ್ತಾಳೆ: "ನಿಮ್ಮನೇಲಿ ಮೆಣಸನ್ನ ಮುಂಚೆ ಮಾರ್ತಿದ್ರು. ನಮ್ಮನೇಲಿ ಅಪ್ಪನ ಕೂಲಿನ ಮುಂಚೆ ಮಾರ್ತಿದ್ರು."

ಆಕೆ ಹಾಗಂದಾಗ ನಮಗೆ ಹೊಳೆದದ್ದು ಇಷ್ಟು. ಆದಾಯ ಏರಿಳಿಯುವುದು ನಮ್ಮ ಕಸುಬಿನ ರೋಗ ಅಂತ ಎಲ್ಲರೂ ಹೇಳುತ್ತಾರೆ. ರೋಗ ಅದಲ್ಲ. ಮಳೆ ಬರುವುದು ರೋಗವಾ? ಖಾಲಿ ತಿಂಗಳಲ್ಲಿ ಮುಂದಿನ ದುಡಿಮೆಯನ್ನು ಮಾರಿಕೊಳ್ಳುತ್ತೀವಲ್ಲ, ಅದೇ ರೋಗ.

ಈಗ ಮುಂಗಡಕ್ಕೆ ಬೇರೆ ಹೆಸರು ಬಂದಿದೆ: ಇಎಂಐ. ನಮ್ಮ ಗೆಳೆಯ ಒಂದೂವರೆ ಲಕ್ಷದ ಕ್ಯಾಮೆರಾ, ಲೆನ್ಸ್ ತೆಗೆದುಕೊಂಡಿದ್ದು ಹೀಗೆ. 24 ಕಂತು, ತಿಂಗಳಿಗೆ 7,300. ಅಂಗಡಿಯವರು ಹತ್ತು ನಿಮಿಷದಲ್ಲಿ ಸಹಿ ಹಾಕಿಸಿಕೊಂಡರು, ಆಷಾಢದಲ್ಲಿ ಮದುವೆ ಇರುತ್ತಾ ಅಂತ ಯಾರೂ ಕೇಳಲಿಲ್ಲ. ಮದುವೆ ವಿಡಿಯೋದವರಿಗೂ ಪತ್ತನಾಜೆ ಇದೆ: ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಇನ್ನು ನಮ್ಮ ಕಡೆ ಆಗಸ್ಟಿನ ಮಳೆಯಲ್ಲಿ ಯಾರೂ ಪೆಂಡಾಲ್ ಹಾಕುವುದಿಲ್ಲ. ಇಎಂಐಗೆ ಮಾತ್ರ ಆಷಾಢ ಇಲ್ಲ.

ಅವನ ಲೆಕ್ಕ ಕೇಳಿ. ಮೇ ತಿಂಗಳಲ್ಲಿ ಬಂದದ್ದು 41,000. ಹಿಂದಿನ ಜುಲೈನಲ್ಲಿ ಬಂದದ್ದು 1,200, ಅದೂ ಯಾರದೋ ಪಾಸ್‌ಪೋರ್ಟ್ ಫೋಟೋ, ಒಂದು ನಾಮಕರಣ. ವರ್ಷದ ಒಟ್ಟು 1,68,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 14,000. ನಮ್ಮ ತಪ್ಪು ಶುರುವಾಗುವುದು ಇಲ್ಲೇ. ಮೇ ತಿಂಗಳಲ್ಲಿ ನಾವು 41,000 ದುಡಿಯುವವರ ಹಾಗೆ ಬದುಕುತ್ತೇವೆ, ಜುಲೈನಲ್ಲಿ ಭಿಕ್ಷುಕರ ಹಾಗೆ. ನಾವು ದುಡಿಯುವುದು 41,000 ಅಲ್ಲ, 14,000. ಮೇ ತಿಂಗಳಲ್ಲಿ ಮಿಕ್ಕ 27,000 ನಮ್ಮದಲ್ಲ, ಜುಲೈನವನದ್ದು.

ಜೂನ್‌ನಿಂದ ಸೆಪ್ಟೆಂಬರ್, ನಾಲ್ಕು ತಿಂಗಳು. ಅವನ ಮನೆ ಖರ್ಚಿಗೆ ಅವನ ಪಾಲು 9,000. ನಾಲ್ಕು ತಿಂಗಳಿಗೆ 36,000. ಇಷ್ಟೇ ಆಗಿದ್ದರೆ ಉಳಿದ ಎಂಟು ತಿಂಗಳು ತಿಂಗಳಿಗೆ 4,500 ಎತ್ತಿಟ್ಟರೆ ಮಳೆಗಾಲ ದಾಟುತ್ತಿತ್ತು. ಇಎಂಐ ಸೇರಿಸಿ: ನಾಲ್ಕು ಕಂತು 29,200. ಈಗ ಬೇಕಾದ ಸೌದೆ 65,200. ಒಂದು ಸಹಿಯಿಂದ ಮಳೆಗಾಲ ಹೆಚ್ಚುಕಮ್ಮಿ ಎರಡರಷ್ಟು ಉದ್ದವಾಯಿತು. ಒಳ್ಳೆ ಕ್ಯಾಮೆರಾ ಇದ್ದರೆ ಒಳ್ಳೆ ರೇಟು ಸಿಗುತ್ತದೆ ಅಂತ ತೆಗೆದುಕೊಂಡ, ಆ ಕ್ಯಾಮೆರಾದ ಕಂತು ಕಟ್ಟಲು ಕಮ್ಮಿ ರೇಟಿಗೆ ಒಪ್ಪುವ ಹಂತಕ್ಕೆ ಬಂದ.

ಮೊದಲು ಹಳೆ ಕ್ಯಾಮೆರಾ, ಆಮೇಲೆ ಬಾಡಿಗೆ ಲೆನ್ಸ್, ಒಂದು ಮಳೆಗಾಲದ ಸೌದೆ ತುಂಬಿದ ಮೇಲೆ ಹೊಸ ಕ್ಯಾಮೆರಾ. ಈ ಕ್ರಮ ಗೊತ್ತಾಗುವ ಹೊತ್ತಿಗೆ ನಮ್ಮಲ್ಲಿ ಮೂವರು ಕಂತು ಕಟ್ಟುತ್ತಿದ್ದೆವು.

ಮದುವೆ ಮನೆಯವರು ಬುಕಿಂಗ್‌ಗೆ ಕೊಡುವ ಅಡ್ವಾನ್ಸ್ ಬೇರೆಯಲ್ಲವಾ ಅಂತ ಕೇಳಬಹುದು. ಬೇರೆ ಹೌದು, ಅದು ನಮ್ಮ ರೇಟಿಗೇ ಬರುವ ದುಡ್ಡು, ತೆಗೆದುಕೊಳ್ಳಲೇಬೇಕು. ಆದರೆ ಅದೂ ಕೆಲಸ ಮುಗಿಯುವವರೆಗೆ ನಮ್ಮದಲ್ಲ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ಮದುವೆಗಳು ನಿಂತವು, ಮೇಳಗಳ ತಿರುಗಾಟ ಅರ್ಧಕ್ಕೆ ನಿಂತಿತು. ಮದುವೆ ಮನೆಯವರು ಫೋನ್ ಮಾಡಿ "ಕೊಟ್ಟಿದ್ದು ವಾಪಸ್ ಕೊಡಿ" ಅಂದರು. ಎಲ್ಲಿಂದ ಕೊಡುವುದು? ತಿಂದಾಗಿತ್ತು. ಆ ಮುಜುಗರ ನಮಗೆ ಇವತ್ತಿಗೂ ಮರೆತಿಲ್ಲ. ಒಂದೆರಡು ಮನೆಯ ಮುಂದೆ ಹಾಯುವಾಗ ಈಗಲೂ ಬೈಕ್ ನಿಧಾನ ಮಾಡುವುದಿಲ್ಲ.

ಅದೇ ವರ್ಷ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತು. ನಮ್ಮ ಹಳ್ಳಿಗಳಲ್ಲೇ ಅದರಲ್ಲಿ ಸಾವಿರಾರು ಜನ ಹಿಂಬಾಲಕರಿದ್ದ ಹುಡುಗ ಹುಡುಗಿಯರಿದ್ದರು. ಸಂಜೆ ಇತ್ತು, ಮರುದಿನ ಇಲ್ಲ. ನಿಷೇಧ ಸರಿಯೋ ತಪ್ಪೋ ಬೇರೆ ಮಾತು. ಕಾಫಿ ನಾಡಿನವರಿಗೆ ಇದು ಹೊಸದಾಗಿ ಕಾಣಬಾರದು. ಏಲಕ್ಕಿಯೊಂದನ್ನೇ ನೆಚ್ಚಿದ ತೋಟಗಳಿಗೆ ಕಟ್ಟೆ ರೋಗ ಬಂದಾಗ ಏನಾಯಿತು ಅಂತ ಅಜ್ಜಂದಿರು ಹೇಳುತ್ತಾರೆ. ಆಮೇಲೆ ಬುದ್ಧಿ ಕಲಿತ ತೋಟದಲ್ಲಿ ಸಿಲ್ವರ್ ಮರ, ಮರಕ್ಕೆ ಮೆಣಸು, ಕೆಳಗೆ ಕಾಫಿ, ನಡುವೆ ಕಿತ್ತಳೆ. ಯೂಟ್ಯೂಬ್ ಒಂದನ್ನೇ ನಂಬಿದ ನಮ್ಮ ಗೆಳೆಯನಿಗೂ ಇದೇ ಮಾತು. 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆದಮೇಲೆ ಜಾಹೀರಾತಿನ ಪಾಲು. ಆ ಪಾಲು ಶೇ. 55. ಅದೂ 100 ಡಾಲರ್ ತುಂಬುವವರೆಗೆ ಕೈಗೆ ಬರುವುದಿಲ್ಲ. ಅವನಿಗೆ ಮೊದಲ 100 ಡಾಲರ್ ತುಂಬಲು ಹನ್ನೊಂದು ತಿಂಗಳು ಹಿಡಿಯಿತು. ಆದರೆ ಅದೇ ಚಾನೆಲ್ ನೋಡಿ ಒಂದು ನರ್ಸರಿಯವರು ಸಸಿಗಳ ವಿಡಿಯೋ ಮಾಡಿಸಿಕೊಂಡರು, ಒಂದು ಹೋಂಸ್ಟೇಯವರು ಫೋಟೋ ತೆಗೆಸಿಕೊಂಡರು. ಚಾನೆಲ್ ಅವನಿಗೆ ಸಿಲ್ವರ್ ಮರ. ಮೆಣಸು ಹಬ್ಬಿದ್ದು ಅದಕ್ಕೆ.

ನಮ್ಮ ಕಡೆ ಇಂಥ ಮಾತು ಬಂದರೆ ಯಾರಾದರೊಬ್ಬರು ತೇಜಸ್ವಿ ಹೆಸರು ಎತ್ತುತ್ತಾರೆ. ಪಕ್ಕದ ತಾಲ್ಲೂಕು ಮೂಡಿಗೆರೆಯವರಲ್ಲವೇ. ಎಂ.ಎ. ಓದಿ ಮೇಷ್ಟ್ರಾಗದೆ ಕಾಫಿ ತೋಟಕ್ಕೆ ಬಂದರು. ಮೊದಲು ಚಿತ್ರಕೂಟ, ಆಮೇಲೆ ನಿರುತ್ತರ. ತಮ್ಮ ಪುಸ್ತಕಗಳನ್ನು ತಮ್ಮದೇ ಪುಸ್ತಕ ಪ್ರಕಾಶನದಿಂದ ತಂದರು. ಸಂಪಾದಕರು ಬರೆಸಿಕೊಳ್ಳದಿದ್ದರೆ, ಪ್ರಕಾಶಕರು ದುಡ್ಡು ಕೊಡದಿದ್ದರೆ ಅವರ ಒಲೆ ನಿಲ್ಲುತ್ತಿರಲಿಲ್ಲ. ಅದಕ್ಕೇ ಬೇಕಾದ್ದು ಬರೆದರು, ಬೇಡ ಅನ್ನಿಸಿದ ದಿನ ಮೀನು ಹಿಡಿದರು, ಹಕ್ಕಿಗಳ ಫೋಟೋ ತೆಗೆದರು. ಇತ್ತ ಬೆಂಗಳೂರಿನಲ್ಲಿ ಲಂಕೇಶರು ಮೇಷ್ಟ್ರ ಕೆಲಸ ಬಿಟ್ಟು 1980ರಲ್ಲಿ ಪತ್ರಿಕೆ ಶುರು ಮಾಡಿದಾಗ ಜಾಹೀರಾತೇ ಬೇಡ ಅಂದರು, ಓದುಗ ಕೊಟ್ಟ ದುಡ್ಡಿನಲ್ಲೇ ನಡೆಸಿದರು. ಇಬ್ಬರೂ ಮುಂಗಡ ಬೇಡ ಅಂದವರೇ.

ಆದರೆ ಇವರನ್ನು ತೋರಿಸಿ ನಮಗೆ ಬುದ್ಧಿ ಹೇಳುವವರಿಗೆ ಒಂದು ಮಾತು. ಇವತ್ತು ಸಕಲೇಶಪುರದಲ್ಲಿ ಒಂದು ಎಕರೆ ಕಾಫಿ ತೋಟದ ಬೆಲೆ ಕೇಳಿ ನೋಡಿ, ಆಮೇಲೆ ಮಾತಾಡೋಣ. ಅದೂ ಹೋಂಸ್ಟೇ ಬಂದ ಮೇಲೆ! ತೋಟ ಕೊಳ್ಳುವ ಕಾಲ ನಮ್ಮದಲ್ಲ. ಜಮೀನಿದ್ದವರ ಸ್ವಾತಂತ್ರ್ಯದ ಕತೆಯನ್ನು ಜಮೀನಿಲ್ಲದವರಿಗೆ ಹೇಳುವಾಗ ಸ್ವಲ್ಪ ಹುಷಾರಾಗಿರಬೇಕು.

ಹಾಗಾದರೆ ನಾವೇನು ಮಾಡಿದೆವು? ದೊಡ್ಡದೇನಲ್ಲ. ಆರೂ ಜನ ಎರಡೆರಡು ಖಾತೆ ಇಟ್ಟುಕೊಂಡಿದ್ದೇವೆ. ಬಂದ ದುಡ್ಡೆಲ್ಲ ಮೊದಲನೆಯದಕ್ಕೆ. ಅದರಿಂದ ತಿಂಗಳಿಗೊಮ್ಮೆ, ಹಿಂದಿನ ವರ್ಷದ ಸರಾಸರಿಗಿಂತ ಸ್ವಲ್ಪ ಕಮ್ಮಿ, ಎರಡನೆಯದಕ್ಕೆ "ಸಂಬಳ". ಫೋನ್‌ಪೇ ಇರುವುದು ಎರಡನೆಯದಕ್ಕೆ ಮಾತ್ರ. ಮೊದಲನೆಯದಕ್ಕೆ ಫೋನಿನಲ್ಲಿ ಆ್ಯಪ್ ಇಲ್ಲ, ಪಾಸ್‌ಬುಕ್ ಅಮ್ಮನ ಪೆಟ್ಟಿಗೆಯಲ್ಲಿ. ಕೈಗೆ ಸಿಕ್ಕಿದ್ದನ್ನು ಖರ್ಚು ಮಾಡದೆ ಇರುವ ಶಿಸ್ತು ನಮ್ಮಲ್ಲಿಲ್ಲ ಅಂತ ನಾವು ಒಪ್ಪಿಕೊಂಡಿದ್ದೇವೆ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಎರಡು ಲಕ್ಷ. ಮದುವೆ ಮುಗಿಸಿ ರಾತ್ರಿ ಎರಡು ಗಂಟೆಗೆ ಬೈಕಲ್ಲಿ ಬಿಸ್ಲೆ ಘಾಟಿ ಇಳಿಯುವವರು ಅದನ್ನೂ ಮಾಡಿಸದೆ ಇರುವುದು ಧೈರ್ಯವಲ್ಲ, ಉಡಾಫೆ. ಇನ್ನೊಂದು, ಯಾರೂ ಹೇಳದ್ದು: ಬೆಂಗಳೂರಿನ ಕಂಪನಿಗಳು ನಮ್ಮ ಬಿಲ್ಲಿನಲ್ಲಿ ಶೇ. 10 ಟಿಡಿಎಸ್ ಅಂತ ಮುರಿಯುತ್ತವೆ. ವರ್ಷದ ಆದಾಯ ತೆರಿಗೆ ಮಿತಿಗಿಂತ ಕೆಳಗಿದ್ದರೆ ರಿಟರ್ನ್ಸ್ ಸಲ್ಲಿಸಿ ಆ ದುಡ್ಡು ವಾಪಸ್ ಪಡೆಯಬಹುದು. ನಮ್ಮ ಎಡಿಟರ್ ಗೆಳತಿ ಎರಡು ವರ್ಷ ಅದನ್ನು "ಸರ್ಕಾರಕ್ಕೆ ಹೋಯ್ತು" ಅಂತ ಬಿಟ್ಟಿದ್ದಳು. ಮೂರನೇ ವರ್ಷ ಅರ್ಜಿ ಹಾಕಿದಳು, ಸರಿಯಾಗಿ ಆಗಸ್ಟಿನಲ್ಲಿ ದುಡ್ಡು ಬಂತು. ಮಳೆಗಾಲಕ್ಕೆ ಅಂತಲೇ ಎತ್ತಿಟ್ಟ ಹಾಗಿತ್ತು.

ಮತ್ತೊಂದು, ನಮ್ಮದೇ ಒಂದು ಡಬ್ಬಿ. ಕಳೆದ ನವೆಂಬರ್‌ನಿಂದ ಒಬ್ಬೊಬ್ಬರು ತಿಂಗಳಿಗೆ 500. ಏಳು ತಿಂಗಳಿಗೆ 21,000 ಆಯಿತು. ವಾರದ ಸಂಘಗಳ ಹಾಗೇ, ಒಂದು ವ್ಯತ್ಯಾಸ: ವಾರದ ಕಂತು ಇಲ್ಲ. ವಾರವಾರ ಕಟ್ಟುವುದು ವಾರವಾರ ದುಡಿಯುವವರಿಗೆ ಸರಿ. ನಮ್ಮ ಡಬ್ಬಿಯಿಂದ ತೆಗೆಯುವುದು ಮಳೆಗಾಲದಲ್ಲಿ ಮಾತ್ರ, ವಾಪಸ್ ಹಾಕುವುದು ಜನವರಿ ಒಳಗೆ, ಬಡ್ಡಿ ಇಲ್ಲ. ಮೇಳದ ಯಜಮಾನರ ಕೆಲಸವನ್ನು ಮುಂದಿನ ತಿರುಗಾಟ ಕೇಳದೆ ಮಾಡುವ ಡಬ್ಬಿ ಅನ್ನಬಹುದು.

ಇಷ್ಟೆಲ್ಲ ನಮ್ಮ ಕೈಯಲ್ಲಿರುವುದು. ನಮ್ಮ ಕೈಯಲ್ಲಿ ಇಲ್ಲದ್ದೂ ಇದೆ, ಅದನ್ನು ಹೇಳದೆ ಉಳಿತಾಯದ ಪಾಠ ಮಾಡುವುದು ಮೋಸ. ನಮ್ಮಲ್ಲೊಬ್ಬಳಿಗೆ ಒಂದು ಚಾನೆಲ್‌ನಿಂದ ಹದಿನಾಲ್ಕು ತಿಂಗಳ ಹಿಂದೆ ಮಾಡಿದ ಕೆಲಸದ 18,000 ಇನ್ನೂ ಬರಬೇಕು. ಕೇಳಿದರೆ "ಅಕೌಂಟ್ಸ್‌ನಲ್ಲಿದೆ". ಮುಂಗಡ ಕೊಟ್ಟು ಕಟ್ಟಿಹಾಕುವುದು ಒಂದು ವಿಧ, ಕೊಡಬೇಕಾದ್ದನ್ನು ಇಟ್ಟುಕೊಂಡು ಕಟ್ಟಿಹಾಕುವುದು ಇನ್ನೊಂದು. ಜೋರಾಗಿ ಕೇಳಿದರೆ ಮುಂದಿನ ಕೆಲಸ ಇಲ್ಲ. ಈ ಬೆಟ್ಟಗಳಿಗೆ ಶೂಟಿಂಗ್ ತಂಡಗಳು ಹೊಸದಲ್ಲ, 2006ರ ‘ಮುಂಗಾರು ಮಳೆ’ಗೂ ಈ ಕಡೆ ಶೂಟಿಂಗ್ ಆಗಿತ್ತು. ಅಂಥ ತಂಡ ಬಂದಾಗ ನಮ್ಮ ಹುಡುಗರು ಲೈಟ್ ಹೊರುತ್ತಾರೆ, ಜಾಗ ತೋರಿಸುತ್ತಾರೆ, ಜನ ಸೇರಿಸುತ್ತಾರೆ. ಬಾಯಿ ಮಾತಿನ ಕೂಲಿ, ಚೀಟಿ ಇಲ್ಲ, ಬಿದ್ದು ಕಾಲು ಮುರಿದರೆ ಕೇಳುವವರಿಲ್ಲ.

2024ರಲ್ಲಿ ರಾಜ್ಯದ ವಿಧಾನಮಂಡಲ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಒಂದು ಮಸೂದೆ ಒಪ್ಪಿತು. ಸಿನಿಮಾ ಟಿಕೆಟ್, ಒಟಿಟಿ ಚಂದಾ ಮೇಲೆ ಶೇ. 1ರಿಂದ 2ರವರೆಗೆ ಸೆಸ್ ಹಾಕಿ, ಆ ದುಡ್ಡಿನ ನಿಧಿಯಿಂದ ಕಲಾವಿದರಿಗೆ, ಕಾರ್ಮಿಕರಿಗೆ ನೆರವು ಕೊಡುವ ಯೋಚನೆ ಅದು. ಒಳ್ಳೆಯದೇ. ಆದರೆ ಹಾನುಬಾಳಿನಲ್ಲಿ ಲೈಟ್ ಹೊತ್ತ ಹುಡುಗ "ಸಿನಿ ಕಾರ್ಯಕರ್ತ" ಅಂತ ಯಾರ ಪಟ್ಟಿಯಲ್ಲಿ ಸೇರುತ್ತಾನೆ? ಬೆಂಗಳೂರಿನ ಸಂಘದ ಕಾರ್ಡ್ ಇದ್ದವರಿಗೆ ಮಾತ್ರ ಸಿಕ್ಕರೆ ನಮಗೆ ಬರುವುದು ಟಿಕೆಟ್ ಮೇಲಿನ ಸೆಸ್ ಮಾತ್ರ. ಹೆಸರು ನೋಂದಾಯಿಸುವ ಕೆಲಸ ತಾಲ್ಲೂಕಿಗೆ ಬರಬೇಕು ಅಂತ ನಾವು ಹಾಸನದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಪತ್ರ ಬರೆಯುತ್ತಿದ್ದೇವೆ. ಲೈಟ್ ಹೊತ್ತವರು, ಜೂನಿಯರ್ ಆಗಿ ನಿಂತವರು ನಮ್ಮ ಜೊತೆ ಸಹಿ ಹಾಕಿ.

ಇದು ಆಗದ ಮಾತೇನಲ್ಲ. ಉಡುಪಿಯ ಯಕ್ಷಗಾನ ಕಲಾರಂಗ 1975ರಲ್ಲಿ ಶುರುವಾದದ್ದು. ಕಲಾವಿದರಿಗೆ ವಿಮೆ ಮಾಡಿಸಿದರು, ಮಕ್ಕಳ ಓದಿಗೆ ವಿದ್ಯಾಪೋಷಕ್ ಅಂತ ನೆರವು ಕೊಟ್ಟರು, ಮನೆ ಇಲ್ಲದವರಿಗೆ ಮನೆ ಕಟ್ಟಿಸಿಕೊಟ್ಟರು. ಮಗನ ಕಾಲೇಜು ಫೀಸು ಬೇರೆ ಕಡೆಯಿಂದ ಬಂದರೆ ಕಲಾವಿದ ಆ ಮಳೆಗಾಲ ಮುಂಗಡಕ್ಕೆ ಹೋಗುವುದಿಲ್ಲ. ಎಷ್ಟೋ ಸಲ ಸ್ವಾತಂತ್ರ್ಯ ಬರುವುದು ಒಂದು ಫೀಸಿನ ರೂಪದಲ್ಲಿ.

ಇನ್ನು ನಮ್ಮ ಗೆಳೆಯನ ವಿಷಯ. ಅವನಿಗೆ ಬೇಕಾದ್ದು 65,200. ಕೈಯಲ್ಲಿದ್ದದ್ದು 22,000. ಕೊರತೆ 43,200. ಸ್ಟುಡಿಯೋದವರು ಕೊಡುತ್ತೇವೆ ಅಂದದ್ದು 40,000. ನೋಡಿ, ಕೊರತೆಯ ಅಳತೆಗೆ ಹೊಲಿದ ಹಾಗಿತ್ತು. ಅವನ ಲೆಕ್ಕ ಅವರಿಗೆ ಗೊತ್ತಿರಲಿಲ್ಲ, ಆದರೆ ಅವನಂಥವರ ಲೆಕ್ಕ ಗೊತ್ತಿರುತ್ತದೆ.

ಜಗಳ ಆದದ್ದು ಡಬ್ಬಿಯ ಮೇಲೆ. ಒಬ್ಬನಿಗೇ ಪೂರಾ 21,000 ಕೊಟ್ಟರೆ ಜುಲೈನಲ್ಲಿ ಇನ್ನೊಬ್ಬರ ಮನೆಯ ಹಂಚು ಹಾರಿದರೆ? ಲೈನ್ ಮನೆಯ ಗೆಳತಿ ನೇರವಾಗಿ ಕೇಳಿದಳು: "ಅವನ ಮನೇಲಿ ಅಟ್ಟದ ಮೇಲೆ ಮೆಣಸಿದೆ. ಮೊದಲು ಅದು ಇಳೀಲಿ. ನಮ್ಮನೇಲಿ ಅಟ್ಟಾನೇ ಇಲ್ಲ." ಅವನಿಗೆ ಬೇಜಾರಾಯಿತು, ಎದ್ದು ಹೋದ. ಎರಡು ದಿನ ಮಾತಿಲ್ಲ. ಮೂರನೇ ದಿನ ಅವನ ಅಮ್ಮನೇ ಮೆಣಸು ಇಳಿಸಿದರು. 40 ಕೆ.ಜಿ., ಕೆ.ಜಿ.ಗೆ 600ರ ಲೆಕ್ಕದಲ್ಲಿ 24,000. ಇನ್ನೂ ಎರಡು ತಿಂಗಳು ಇಟ್ಟಿದ್ದರೆ ಹೆಚ್ಚು ಬರುತ್ತಿತ್ತು ಅಂತ ಅವರ ಲೆಕ್ಕ, ಇರಲಿ. ಡಬ್ಬಿಯಿಂದ ಪೂರಾ ಬೇಡ, 20,000 ಸಾಕು ಅಂದ ಅವನು. ಒಂದು ಸಾವಿರ ಡಬ್ಬಿಯಲ್ಲಿ ಉಳಿಯಿತು. ಜುಲೈನಲ್ಲಿ ಯಾರಿಗಾದರೂ ಬೇಕಾದರೆ ಇರುವುದು ಅಷ್ಟೇ, ಇದನ್ನೂ ಮುಚ್ಚಿಡುವುದಿಲ್ಲ.

ಸ್ಟುಡಿಯೋದವರಿಗೆ ಫೋನ್ ಮಾಡಿದ. ಸಿಗ್ನಲ್‌ಗೆ ದಿಬ್ಬ ಹತ್ತಬೇಕು, ನಾವೂ ಇಬ್ಬರು ಜೊತೆಗೆ ಹೋಗಿದ್ದೆವು. "ಮುಂಗಡ ಬೇಡ ಸಾರ್. ಸೀಸನ್‌ಗೆ ಕೆಲಸ ಇದ್ರೆ ಹೇಳಿ, ನನ್ನ ರೇಟು ಇಷ್ಟು." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ನೋಡಿ ಹೇಳ್ತೀವಿ" ಅಂದರು.

ಇನ್ನೂ ಹೇಳಿಲ್ಲ. ಮೂರು ದಿನದಿಂದ ಗಾಳಿ ಮಳೆ, ಕರೆಂಟ್ ಇಲ್ಲ, ಅವನ ಫೋನ್ ಸ್ವಿಚ್ ಆಫ್ ಬರುತ್ತಿದೆ. ನಾಳೆ ಯಾರಾದರೂ ಆ ಕಡೆ ಹೋಗುವವರಿದ್ದರೆ ಪವರ್ ಬ್ಯಾಂಕ್ ಕಳಿಸಬೇಕು.